ಕೊಳವೆಯೊಳಗಿನ ಗೆಳೆಯ

ಒಂದು ಶೇಂಗಾ ಹೊಲ. ಅದರ ಬದುವಿನಲ್ಲಿ ಕೆಂಚವ್ವ ಎಂಬ ಇಲಿಯ ಬಿಲ.

ಮಕ್ಕಳೇ, ಇಲಿಯ ಬಿಲಕ್ಕೆ ಎರಡು ಬಾಗಿಲು. ಮುಂಬಾಗಿಲು ಎಲ್ಲರಿಗೂ ಕಾಣುತ್ತದೆ. ಹಿಂಬಾಗಿಲನ್ನು ಒಳಗಿನಿಂದ ತೆಳ್ಳಗೆ ಮಣ್ಣು ಮೆತ್ತಿ ಮುಚ್ಚಿರುತ್ತಾರೆ. ಮುಂದಿನಿಂದ ಹಾವು ಬಂದರೆ ಆ ಮಣ್ಣನ್ನು ತಲೆಯಿಂದ ಗುದ್ದಿ ಓಡಬೇಕು. ಅದು ಎಲ್ಲಿದೆ ಎಂಬುದು ಮನೆಯವರಿಗಷ್ಟೇ ಗೊತ್ತಿರಬೇಕು.

ಆ ಹೊಲದಲ್ಲಿ ನೀರು ಹಾಯಿಸುವ ಹಳೆಯ ಕೊಳವೆಯೊಂದು ಹೂತುಹೋಗಿತ್ತು. ಅದರ ಒಂದು ತುದಿ ಬೇಲಿಯ ಹತ್ತಿರ ನೆಲದ ಮೇಲಕ್ಕೆ ಬಂದಿತ್ತು. ಉಳಿದದ್ದು ಅಲ್ಲಲ್ಲಿ ಒಡೆದು, ಒಂದೊಂದು ಬಿಲದೊಳಗೂ ಬಾಯಿ ತೆರೆದಿತ್ತು. ಇಲ್ಲಿ ಪಿಸುಗುಟ್ಟಿದರೆ ಅಲ್ಲಿ ಕೇಳುತ್ತಿತ್ತು. ಮರಿಗಳು ಅದಕ್ಕೆ ಕಿವಿ ಹಚ್ಚಿ ಒಗಟು ಹೇಳುತ್ತಿದ್ದವು, ಹಾಡುತ್ತಿದ್ದವು, ಜಗಳವಾಡುತ್ತಿದ್ದವು. ಆದರೆ ಕೊಳವೆಯಲ್ಲಿ ಹಾದು ಬಂದ ದನಿ ಯಾರದ್ದಾದರೂ ಸರಿ, ಮರಿಯ ದನಿಯಂತೆ ಸಣ್ಣಗಾಗುತ್ತಿತ್ತು.

ಕೆಂಚವ್ವನ ಮಗಳು ಚಿಗುರಿ ದಿನವಿಡೀ ಅಲ್ಲೇ. ಬದುವಿನ ಕಲ್ಲಿನಡಿ ಇದ್ದ ನೆಲಗಪ್ಪೆ ಬೋರಜ್ಜಿ ಒಮ್ಮೆ ಕೇಳಿದಳು, "ಕೆಂಚವ್ವ, ಮಗಳು ಯಾರ ಹತ್ತಿರ ಮಾತಾಡ್ತಾಳೆ, ನೋಡಿದೀಯಾ?"

"ಮನೆ ಒಳಗೇ ಇದ್ದಾಳಲ್ಲ ಅಜ್ಜಿ, ಇನ್ನೇನು ಭಯ? ಅವಳು ಅಲ್ಲಿ ಕೂತರೆ ನನಗೆ ನಾಲ್ಕು ಕಾಯಿ ಹೆಕ್ಕೋಕೆ ಪುರುಸೊತ್ತು ಸಿಗುತ್ತೆ. ಜೊತೆಗೆ ನನ್ನ ಮಗಳು ನನ್ನ ದನಿ ಕೇಳಿದರೆ ಸಾಕು, ಗಡಗಡ ನಡುಗ್ತಾಳೆ!"

ನಡುಗುವುದೇನೋ ನಿಜ. ಹಿಂದಿನ ವಾರ ಚಿಗುರಿ ನೀರು ಚೆಲ್ಲಿ ಕಾಳು ನೆನೆಸಿದ್ದಳು. ತಾನೇ ಬಂದು ಒಪ್ಪಿಕೊಂಡಳು. ಒಪ್ಪಿಕೊಂಡದ್ದಕ್ಕೆ ಸಿಕ್ಕಿದ್ದು ಎರಡು ಏಟು. ಅಂದಿನಿಂದ ಏನನ್ನೂ ಒಪ್ಪಿಕೊಳ್ಳುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು.

ಕೊಳವೆಯಲ್ಲಿ ಅವಳಿಗೊಬ್ಬ ಹೊಸ ಗೆಳೆಯ ಸಿಕ್ಕಿದ್ದ. ಹೆಸರು ಪುಟಾಣಿಯಂತೆ. ಅವಳ ಒಗಟೆಲ್ಲ ಭಾರಿ ಚೆನ್ನಾಗಿವೆ ಎನ್ನುತ್ತಿದ್ದ.

"ನಿನ್ನಷ್ಟು ಜಾಣೆ ಈ ಹೊಲದಲ್ಲೇ ಇಲ್ಲ ಬಿಡು. ನಿಮ್ಮವ್ವ ಕಾಯಿ ಹೆಕ್ಕೋಕೆ ಯಾವಾಗ ಹೋಗ್ತಾಳೆ?"

"ಬಿಸಿಲು ಇಳಿದ ಮೇಲೆ."

"ನಿಮ್ಮ ಹಿಂಬಾಗಿಲು ಎಲ್ಲಿದೆ? ನಮ್ಮದು ಬೇಲಿ ಹತ್ತಿರ."

"ನಮ್ಮದು ತುಂಬೆ ಗಿಡದ ಬುಡದಲ್ಲಿ." ಹೇಳಿದ ಮೇಲೆ ಚಿಗುರಿ ನಾಲಿಗೆ ಕಚ್ಚಿಕೊಂಡಳು.

"ನಾಳೆ ಅವ್ವ ಹೋದ ಮೇಲೆ ಅಲ್ಲಿಂದ ಹೊರಗೆ ಬಾ. ಎಳ್ಳು ತರ್ತೀನಿ."

"ಬೇಡಪ್ಪ. ಅವ್ವ ಬೈತಾಳೆ."

ದನಿ ಬದಲಾಯಿತು. "ಬರದಿದ್ದರೆ ನೀನು ಹಿಂಬಾಗಿಲು ಹೇಳಿಕೊಟ್ಟಿದ್ದನ್ನ ನಾನೇ ನಿಮ್ಮವ್ವನಿಗೆ ಹೇಳ್ತೀನಿ. ಚರ್ಮ ಸುಲೀತಾಳೆ, ನೋಡ್ತಿರು."

ಚಿಗುರಿ ಅಂದು ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಮುದುಡಿ ಕೂತವಳನ್ನು ಬೋರಜ್ಜಿ ನೋಡಿ ಕೆಂಚವ್ವನನ್ನು ಹೊರಗೆ ಕರೆದಳು.

"ಮಗು ಹೆದರಿದೆ. ಏನಾಯ್ತು ಅಂತ ಕೇಳು. ಬೈದೀಯಾ, ಜೋಕೆ!"

"ನನ್ನ ಮಗಳ ಹತ್ತಿರ ಮಾತಾಡೋದು ನನಗೆ ಗೊತ್ತಿಲ್ವಾ?"

"ಬೈಯೋದು ಗೊತ್ತು. ಮಾತಾಡೋದನ್ನ ನಾನಿನ್ನೂ ನೋಡಿಲ್ಲ."

ಕೆಂಚವ್ವನಿಗೆ ಉರಿಯಿತು. ಆದರೂ ಒಳಗೆ ಹೋಗಿ ಮಗಳ ಪಕ್ಕ ಕೂತಳು. "ಏನಾಗಿದ್ದರೂ ಹೇಳು. ಬೈಯಲ್ಲ, ಹೊಡೆಯಲ್ಲ."

"ಆಣೆಗೂ?"

"ಆಣೆಗೂ."

ಚಿಗುರಿ ಬಿಕ್ಕುತ್ತ ಎಲ್ಲ ಹೇಳಿದಳು. ಹಿಂಬಾಗಿಲಿನ ಮಾತು ಬಂದಾಗ ಕೆಂಚವ್ವನ ಕೈ ತಾನಾಗಿಯೇ ಮೇಲೆದ್ದಿತು. ಆ ಕೈಯನ್ನು ಇಳಿಸಿ ಮಗಳ ಬೆನ್ನ ಮೇಲೆ ಇಟ್ಟಳು. ನಂತರ ಕೊಳವೆಗೆ ಬಾಯಿ ಹಚ್ಚಿದಳು.

"ಪುಟಾಣಿ, ನಾನು ಚಿಗುರಿ. ನೀನು ಶೇಂಗಾ ಕಾಯಿ ಹೇಗೆ ಬಿಡಿಸ್ತೀಯ?"

"ಅದೇನು ಮಹಾ! ಉಗುರಲ್ಲಿ ಒಂದೇ ಸಲ ಸೀಳ್ತೀನಿ."

ಕೆಂಚವ್ವ ಕೊಳವೆಯ ಬಾಯಿಗೆ ಕೈ ಅಡ್ಡ ಹಿಡಿದು ಮಗಳ ಕಡೆ ತಿರುಗಿದಳು. "ಕೇಳಿದೆಯಾ? ಇಲಿ ಹಲ್ಲಲ್ಲಿ ಕೊರೆಯುತ್ತೆ. ಉಗುರಲ್ಲಿ ಸೀಳೋ ಇಲಿ ಇನ್ನೂ ಹುಟ್ಟಿಲ್ಲ." ಮತ್ತೆ ಕೊಳವೆಯೊಳಗೆ, "ಆಗಲಿ, ಇವತ್ತು ಬರ್ತೀನಿ," ಎಂದಳು.

ಮಧ್ಯಾಹ್ನದೊಳಗೆ ತಾಯಿ ಮಗಳು ಸೇರಿ ಬೇರೆ ಕಡೆ ಹೊಸ ಹಿಂಬಾಗಿಲು ಕೊರೆದರು. ಹಳೆಯದರೊಳಗೆ ಒಣ ಜಾಲಿಮುಳ್ಳು ತುರುಕಿ, ಮೇಲೆ ಮೊದಲಿನಂತೆಯೇ ಮಣ್ಣು ಮೆತ್ತಿದರು.

ಬಿಸಿಲು ಇಳಿಯಿತು. ತುಂಬೆ ಗಿಡದ ಬುಡಕ್ಕೆ ಪುಟಾಣಿ ಬಂದ. ನಾಲ್ಕು ಕಾಲು, ಉದ್ದ ಮೀಸೆ, ಹಳದಿ ಕಣ್ಣಿನ ಕಾಡುಬೆಕ್ಕು! ಸ್ವಲ್ಪ ಹೊತ್ತು ಕಾದು ಕೂತಿತು. ಇಲಿಮರಿ ಬಾರದೆ ಇದ್ದಾಗ ತಾಳ್ಮೆ ಕೆಟ್ಟು ಮಣ್ಣು ಒಡೆದು ಪಂಜವನ್ನು ಬುಡದವರೆಗೂ ತೂರಿಸಿತು.

ಅದು ಕಿರುಚಿದ್ದು ಹೊಲದ ಕೊನೆಯ ಬಿಲಕ್ಕೂ ಕೇಳಿತು. ಬೆಕ್ಕು ಮೂರು ಕಾಲಲ್ಲಿ ಕುಂಟುತ್ತ ಓಡಿತು. ಕೆಂಚವ್ವ ಬಿಲಬಿಲಕ್ಕೂ ಹೋಗಿ ನಡೆದದ್ದನ್ನು ಹೇಳಿದಳು. ಇನ್ನೂ ಎರಡು ಮರಿಗಳು ತಲೆ ತಗ್ಗಿಸಿ, "ನಮ್ಮನ್ನೂ ಪುಟಾಣಿ ಕರೆದಿದ್ದ," ಎಂದವು.

"ಈ ಹಾಳು ಕೊಳವೆಯನ್ನೇ ಮುಚ್ಚಿಬಿಡೋಣ," ಎಂದಳು ಒಬ್ಬ ತಾಯಿ.

"ಮುಚ್ಚು. ಮರಿಗಳು ಪಕ್ಕದ ಬಿಲದ ಕೊಳವೆಗೆ ಹೋಗ್ತವೆ, ನಿನಗೆ ಹೇಳದೆ," ಎಂದಳು ಬೋರಜ್ಜಿ.

ಕೊಳವೆ ಉಳಿಯಿತು. ಕೆಂಚವ್ವ ಮಾತ್ರ ಕಾಯಿ ಕೊರೆಯುವ ಕೆಲಸವನ್ನು ಅದರ ಪಕ್ಕಕ್ಕೇ ತಂದುಕೊಂಡಳು.

ನಾಲ್ಕು ದಿನ ಕಳೆದಿರಬೇಕು. ಚಿಗುರಿ ಕೊಳವೆಯಿಂದ ತಲೆ ಎತ್ತಿ ಹೇಳಿದಳು, "ಅವ್ವಾ, ಯಾರೋ ಹೊಸಬರು ನಮ್ಮ ಮನೆ ಎಲ್ಲಿ ಅಂತ ಕೇಳ್ತಿದ್ದಾರೆ. ಅದನ್ನ ನಾನು ಹೇಳಲಿಲ್ಲ. ಆದರೆ ನನ್ನ ಹೆಸರು ಹೇಳಿಬಿಟ್ಟೆ."

ಕೆಂಚವ್ವನ ನಾಲಿಗೆಯ ತುದಿಗೆ ಒಂದು ದೊಡ್ಡ ಬೈಗುಳ ಬಂತು. ಅದನ್ನು ಕಾಳಿನ ಜೊತೆ ನುಂಗಿಕೊಂಡು, ಮಗಳ ಹತ್ತಿರ ಸರಿದು ಕೂತಳು.

"ಹೂಂ. ಆಮೇಲೆ?"

ನೀತಿ: ಮಗು ಮನೆಯೊಳಗಿದ್ದ ಮಾತ್ರಕ್ಕೆ ಕ್ಷೇಮವಾಗಿದೆ ಎನ್ನಬೇಡಿ, ತಪ್ಪು ಮಾಡಿದಾಗಲೂ ಹೆದರದೆ ಹೇಳಿಕೊಳ್ಳುವ ಮಗುವನ್ನೇ ತಾಯಿತಂದೆ ಕಾಪಾಡಬಲ್ಲರು.