ಹೊಲಕ್ಕೆ ಹೆಪ್ಪು ಹಾಕಿದ ಅಡಿವೆವ್ವ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಕೇಳಬೇಡಿ, ಎರೆ ಮಣ್ಣಿನ ಸೀಮೆಯಲ್ಲಿ ಒಂದೂರು ಇತ್ತಂತೆ. ಆ ಊರಲ್ಲಿ ಅಡಿವೆವ್ವ ಎಂಬಾಕೆ ಇದ್ದಳಂತೆ. ಮನೆಮನೆಗೆ ಮೊಸರು ಮಾರುವಾಕೆ. ಆಕೆ ಹೆಪ್ಪು ಹಾಕಿದ ಗಡಿಗೆಯನ್ನು ಬೋರಲು ಹಾಕಿದರೂ ಮೊಸರು ಬೀಳುತ್ತಿರಲಿಲ್ಲ ಅಂತಾರೆ. ಇರಲಿ, ಹೇಳುವವರು ಒಂದಿಷ್ಟು ಉಪ್ಪುಖಾರ ಹಚ್ಚಿಯೇ ಹೇಳುತ್ತಾರೆ.

ಆಕೆಗೊಂದು ಹೊಲವಿತ್ತು. ತವರಿನವರು ಅರಿಶಿನ-ಕುಂಕುಮಕ್ಕೆಂದು ಕೊಟ್ಟದ್ದು. ತಾಯಿಯಿಂದ ಮಗಳಿಗೆ, ಆ ಮಗಳಿಂದ ಅವಳ ಮಗಳಿಗೆ ಹೋಗುತ್ತ ಬಂದದ್ದು. ಮುಂದೆ ಅದು ಆಕೆಯ ಒಬ್ಬಳೇ ಮಗಳು ನೀಲವ್ವನಿಗೆ ಸೇರಬೇಕು.

ಆಗ ಹತ್ತಿಗೆ ಎಣ್ಣೆ ಹೊಡೆಯುವುದು ಊರಿಗೆ ಹೊಸದು. ಎಣ್ಣೆಯೆಂದರೆ ಹುಳ ಸಾಯಿಸುವ ವಿಷ. ಅಡಿವೆವ್ವನ ಗಂಡ ಫಕೀರಪ್ಪ ಮೆದು ಮನುಷ್ಯ, ಆದರೆ ಹುಳ ಕಂಡರೆ ಅಂಜುತ್ತಿದ್ದ. ಒಂದು ಮುಚ್ಚಳ ಸಾಕೆಂದರೆ ಎರಡು ಹಾಕಿದ. ಹುಳ ಕಾಣದಿದ್ದರೂ ಹೊಡೆದ. ವರ್ಷ ವರ್ಷವೂ ಹೊಡೆದ. ಹುಳ ಸತ್ತವು. ಅವುಗಳ ಹಿಂದೆಯೇ ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳೂ ಸತ್ತವು, ಅದು ಯಾರಿಗೂ ತಿಳಿಯಲಿಲ್ಲ. ಹೊಲಕ್ಕೆ ಹಾಕಿದ ಸಗಣಿ ವರ್ಷ ಕಳೆದರೂ ಕೊಳೆಯದೆ ಹಾಗೇ ಬಿದ್ದಿತ್ತಂತೆ. ಬಿತ್ತಿದ್ದು ಹುಟ್ಟಿ, ಹಳದಿಯಾಗಿ, ಮಲಗಿತಂತೆ.

ನೀಲವ್ವನ ಮದುವೆ ಬಂತು. ಉಡಿ ತುಂಬುವಾಗ ಅಡಿವೆವ್ವ ಹೊಲದ ಮಾತೆತ್ತಲಿಲ್ಲ. "ಸತ್ತ ಮಣ್ಣ ಮಗಳ ಉಡ್ಯಾಗ ಹ್ಯಾಂಗ ಹಾಕ್ಲಿ?" ಎಂದು ಗಂಡನೆದುರು ಅತ್ತಳಂತೆ. ಫಕೀರಪ್ಪನೂ ಅತ್ತನಂತೆ. ಮಗಳು ಬರೀ ಅಕ್ಕಿ-ಕೊಬ್ಬರಿ ಕಟ್ಟಿಕೊಂಡು ಗಂಡನ ಮನೆಗೆ ಹೋದಳು.

ಅಂದಿನಿಂದ ಅಡಿವೆವ್ವ ಹಟಕ್ಕೆ ಬಿದ್ದಳು. ಎಣ್ಣೆ ನಿಲ್ಲಿಸಿದಳು. ಹಾಲಿಗೆ ಹೆಪ್ಪು ಬೇಕಾದ ಹಾಗೆ ಮಣ್ಣಿಗೂ ಬೇಕು ಎಂದಳು. ಹುತ್ತದ ಮಣ್ಣು ತಂದು ಹಾಕಿದಳು, ಹಳ್ಳದ ದಂಡೆಯ ಮಣ್ಣು ತಂದು ಹಾಕಿದಳು. ಒಂದೂ ಹಿಡಿಯಲಿಲ್ಲ. "ಅಡಿವೆವ್ವ ಹೊಲದಾಗ ಮೊಸರು ಮಾಡ್ತಾಳಂತ, ಗಡಗಿ ತಗೊಂಡು ಹೋಗ್ರಿ" ಎಂದು ಊರವರು ನಕ್ಕರಂತೆ. ಕುದಿಯುವ ಹಾಲಿಗೆ ಹಾಕಿದ ಹೆಪ್ಪು ಉಳಿದೀತೇ? ವಿಷ ಕಂಡರಿಯದ ಮಣ್ಣಿನ ಜೀವವೂ ಆ ಹೊಲದಲ್ಲಿ ಉಳಿಯಲಿಲ್ಲ.

ಬದುವಿನ ಮೂಲೆಯಲ್ಲಿ ಫಕೀರಪ್ಪ ಎಣ್ಣೆಯ ಪಂಪು ತೊಳೆಯುವ ಜಾಗವಿತ್ತು. ಬೇರೆಲ್ಲೂ ಚೆಲ್ಲಬಾರದೆಂದು ಯಾವಾಗಲೂ ಅಲ್ಲೇ ತೊಳೆದಿದ್ದ. ಎಲ್ಲಕ್ಕಿಂತ ಹೆಚ್ಚು ವಿಷ ಕುಡಿದ ನೆಲ ಅದು. ಎಷ್ಟೋ ವರ್ಷ ಅಲ್ಲಿ ಹುಲ್ಲುಕಡ್ಡಿ ಇರಲಿಲ್ಲ. ಒಂದು ದಿನ ಅಡಿವೆವ್ವ ನೋಡುತ್ತಾಳೆ, ಎಮ್ಮೆ ಅಲ್ಲಿ ಹಾಕಿದ ಸಗಣಿ ಕೊಳೆತು ಪುಡಿಯಾಗಿದೆ! ಪಕ್ಕದಲ್ಲಿ ಕರಿಕೆ ಹುಲ್ಲು ಚಿಗುರಿದೆ! ಆಕೆ ಕುಕ್ಕರಗಾಲಿನಲ್ಲಿ ಕೂತು ಗಂಡನನ್ನು ಕೂಗಿದಳಂತೆ. "ನೋಡ್ರಿ ಇಲ್ಲಿ, ನಮ್ಮ ನಂಜುಂಡ ಇಲ್ಲಿ ಕುಂತಾನ. ಈ ಮಣ್ಣು ವಿಷಾ ಉಣ್ಣೋದು ಕಲ್ತೈತಿ."

ಆ ಮಣ್ಣನ್ನೇ ಹೆಪ್ಪು ಮಾಡಿದಳು. ಕಳಿತ ಗೊಬ್ಬರದೊಂದಿಗೆ ಕಲಸಿ, ಗಡಿಗೆಗೆ ತುಂಬಿ, ನೆರಳಲ್ಲಿಟ್ಟು, ನೀರು ಚಿಮುಕಿಸಿ, ಸಾಲಿಗೆ ಹಿಡಿ ಹಿಡಿಯಾಗಿ ಹಾಕಿದಳು. ಒಂದು ತುಂಡು ನೆಲ ಹಿಡಿಯಿತು. ಅಲ್ಲಿಂದ ತೆಗೆದು ಮುಂದಿನ ತುಂಡಿಗೆ ಹಾಕಿದಳು. ರಾತ್ರಿ ಮಣ್ಣಿಗೆ ಜೋಗುಳ ಹಾಡುತ್ತಿದ್ದಳು ಅಂತಾರೆ. ನಾನಂತೂ ನಂಬುವುದಿಲ್ಲ. ಹಗಲೆಲ್ಲ ಮಣ್ಣು ಹೊತ್ತವಳಿಗೆ ರಾತ್ರಿ ಬರುವುದು ನಿದ್ದೆ, ಹಾಡಲ್ಲ. ಫಕೀರಪ್ಪ ಜೊತೆಗೆ ಬುಟ್ಟಿ ಹೊತ್ತ ಅಂತಾರೆ, ಅದನ್ನು ನಂಬುತ್ತೇನೆ.

ನೀಲವ್ವ ಮೊದಲ ಹೆರಿಗೆಗೆ ಬಂದಾಗ ಹೊಲ ಇನ್ನೂ ಅರೆಜೀವವಾಗಿತ್ತು. ತಾಯಿ ಆಗಲೂ ಹೊಲದ ಮಾತೆತ್ತಲಿಲ್ಲ. ಎರಡನೆಯದಕ್ಕೆ ಬಂದಾಗ ಮುಂಗಾರಿನ ಹನಿ ಬಿದ್ದಿತ್ತು. ಎದುರುಗೊಳ್ಳಲು ಹೋದ ತಾಯಿಯ ಕೈ ಹಿಡಿದು, ತುಂಬಿದ ಬಸುರಿ ನೀಲವ್ವ ಹೊಲದ ದಾರಿಯಲ್ಲಿ ಬರುತ್ತ ಗಕ್ಕನೆ ನಿಂತಳು. ಎಷ್ಟೋ ವರ್ಷ ಆ ದಾರಿಯಲ್ಲಿ ಮಳೆ ಬಂದರೂ ಮಣ್ಣು ಘಮ್ಮೆಂದಿರಲಿಲ್ಲ.

"ಯವ್ವಾ, ಯಾರ ಹೊಲದ ವಾಸನಿ ಇದು?"

"ನಿಂದವಾ" ಅಂದಳು ಅಡಿವೆವ್ವ. ಅಲ್ಲೇ ಬಾಗಿ ಹಸಿ ಮಣ್ಣು ಎತ್ತಿ ಮಗಳ ಉಡಿಗೆ ಹಾಕಿದಳು.

ಸತ್ತಾಗ ಅಡಿವೆವ್ವನನ್ನು ಆ ಬದುವಿನಲ್ಲೇ ಮಣ್ಣು ಮಾಡಿದರು. ಗುಡಿಯಿಲ್ಲ, ಕಲ್ಲಿಲ್ಲ, ಒಂದು ದಿಬ್ಬ ಅಷ್ಟೆ. ಇಂದಿಗೂ ಆ ಸೀಮೆಯಲ್ಲಿ ಮಗಳ ಮದುವೆ ಗೊತ್ತಾದರೆ ತಾಯಿ ತನ್ನ ಹೊಲದ ಹಿಡಿ ಮಣ್ಣನ್ನು ದಿಬ್ಬಕ್ಕೆ ಹಾಕಿ, ಅಲ್ಲಿಂದ ಒಂದು ಹಿಡಿ ಒಯ್ದು ಉಡಿಗೆ ಸೇರಿಸುತ್ತಾಳೆ. ಹೊಲವಿಲ್ಲದ ತಾಯಿಯೂ ಬರುತ್ತಾಳೆ, ಬರಿಗೈಲಿ ಬಂದು ಒಂದು ಹಿಡಿ ಒಯ್ಯುತ್ತಾಳೆ. ಅವಳ ಪಾಲಿನ ಹಿಡಿಯನ್ನು ಅವಳ ನಂತರ ಬಂದ ಹೊಲದವಳು ಹಾಕಿ ಹೋಗುತ್ತಾಳೆ.