ಬಿದ್ದ ಯಂತ್ರ ಮತ್ತು ಏಳನೆಯ ಆನೆ

ಒಂದಾನೊಂದು ಊರಿನಲ್ಲಿ, ಅದನ್ನು ಊರು ಅನ್ನುವುದಕ್ಕೂ ನನಗೆ ಬೇಜಾರು, ಆದರೂ ಊರಿನಲ್ಲಿ, ಒಬ್ಬ ರಾಜನಿದ್ದ. ಹೆಸರು ಉದ್ದಂಡರಾಯ. ನೀವು ಹೂಂಗುಟ್ಟಿದರೆ ಮಾತ್ರ ಮುಂದಕ್ಕೆ ಹೇಳುತ್ತೇನೆ. ಹೂಂ ಅನ್ನಿ. ಹಾಂ, ಸರಿ.

ಉದ್ದಂಡರಾಯನಿಗೆ ಆರು ಆನೆಗಳಿದ್ದವು. ಆರು ಆನೆಗಳಿಗೆ ಬೆಳಿಗ್ಗೆ ಆರು ಉಂಡೆ. ಅಕ್ಕಿ, ರಾಗಿ, ಬೆಲ್ಲ ಹಾಕಿ ತಲೆಯಷ್ಟು ದಪ್ಪ ಉಂಡೆ ಕಟ್ಟುತ್ತಿದ್ದವಳು ಚೆನ್ನಾಜಮ್ಮ ಅನ್ನುವ ಮುದುಕಿ. ಮೊದಲು ತಾನೇ ಕೈಯಾರೆ ತಿನ್ನಿಸುತ್ತಿದ್ದಳು. ಅದು ರಾಜನ ಘನತೆಗೆ ಸಾಲದು ಅಂತ ಒಂದು ಯಂತ್ರ ತಂದರು. ಯಂತ್ರಕ್ಕೆ ಒಂದು ಚಕ್ರ, ಒಂದು ತೋಳು, ಒಂದು ಅಂಗೈ. ಚೆನ್ನಾಜಮ್ಮ ಅಂಗೈಗೆ ಉಂಡೆ ಇಡಬೇಕು. ಚಕ್ರ ಉರುಳಬೇಕು, ತೋಳು ಚಾಚಬೇಕು, ಆನೆ ತಿನ್ನಬೇಕು. ಮುದುಕಿಯ ಎರಡು ಕೈ ಮಾಡುತ್ತಿದ್ದ ಕೆಲಸಕ್ಕೆ ಮುದುಕಿಯ ಎರಡು ಕೈಯ ಜೊತೆ ಒಂದು ಯಂತ್ರವೂ ಬೇಕಾಯಿತು. ಇದಕ್ಕೆ ಆ ಊರಿನಲ್ಲಿ ಸುಧಾರಣೆ ಅನ್ನುತ್ತಿದ್ದರು.

ಯಂತ್ರ ಒಂದು ವರ್ಷ ಚೆನ್ನಾಗಿ ನಡೆಯಿತು. ರಾಜನ ಹುಟ್ಟುಹಬ್ಬದ ಮಾರನೆಯ ದಿನ ದಢಾರನೆ ಬಿತ್ತು.

ಬಿದ್ದ ಯಂತ್ರ ಸುಮ್ಮನೆ ಬೀಳಲಿಲ್ಲ. ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಕಕ್ಕಿತು. ರಾಶಿ ರಾಶಿ ತಾಳೆಗರಿ. ಬೀಳುವ ಗಳಿಗೆಯಲ್ಲಿ ತಾನು ಏನು ಮಾಡುತ್ತಿದ್ದೆ, ಯಾರು ಮಾಡು ಅಂದರು, ಅವರಿಗೆ ಯಾರು ಹೇಳಿದರು, ಎಲ್ಲವೂ ಒಂದರ ಕೆಳಗೆ ಒಂದು ಗರಿಯಲ್ಲಿ. ಈಗಿನ ಕಂಪ್ಯೂಟರ್ ಮಂದಿ ಇದಕ್ಕೆ ಕ್ರ್ಯಾಶ್ ಡಂಪ್ ಅನ್ನುತ್ತಾರಂತೆ. ಬರಿಗಣ್ಣಿಗೆ ಅದು ಬರೀ ಗೀಚು. ಓದುವುದಕ್ಕೆ ಒಂದು ಗಾಜು ಬೇಕು. ಆ ಗಾಜಿಗೆ ಈಗ ವ್ಯೂವರ್ ಅನ್ನುತ್ತಾರಂತೆ, ಆಗ ಇಣುಕುಗಾಜು ಅನ್ನುತ್ತಿದ್ದರು. ಗಾಜನ್ನು ಗರಿಯ ಮೇಲೆ ಇಟ್ಟರೆ ಗರಿ ಬಾಯಿಬಿಟ್ಟು ಮಾತಾಡುತ್ತಿತ್ತು.

ಗಾಜು ಇದ್ದದ್ದು ದಿವಾನ್ ಅಪ್ಪೂರಾಯರ ಹತ್ತಿರ. ಅದಕ್ಕೆ ಬೆಳ್ಳಿಯ ಹಿಡಿ, ಮಖಮಲ್ಲಿನ ಚೀಲ, ಪಲ್ಲಕ್ಕಿ, ಮುಂದೆ ತುತ್ತೂರಿ. ದಿವಾನರು ಗಾಜಿಗೆ ಹಾ ಅಂತ ಉಸಿರು ಬಿಡುತ್ತಿದ್ದರು. ಒರೆಸುತ್ತಿದ್ದರು. ಮತ್ತೆ ಹಾ. ಮತ್ತೆ ಒರೆಸುವುದು. ಎರಡು ತಾಸು ಒರೆಸಿ, ರಾಶಿಯ ಮೇಲಿನ ಒಂದೇ ಒಂದು ಗರಿ ನೋಡಿ, ಗಾಜನ್ನು ಚೀಲಕ್ಕೆ ಹಾಕಿಬಿಡುತ್ತಿದ್ದರು.

ಮೇಲಿನ ಗರಿ ಏನು ಹೇಳುತ್ತದೆ? ಬೀಳುವಾಗ ಕಟ್ಟಕಡೆಗೆ ಮುಟ್ಟಿದವರು ಯಾರು ಅನ್ನುವುದನ್ನು. ಅಷ್ಟೇ. ದಿವಾನರು ಅದನ್ನೇ ಕಾನೂನು ಮಾಡಿದರು. ಕಟ್ಟಕಡೆಗೆ ಮುಟ್ಟಿದವರೇ ಕೆಡವಿದವರು.

ಮೊದಲ ದಿನ ಮೇಲಿನ ಗರಿ ಹೇಳಿತು, "ಹಗ್ಗ." ಹಗ್ಗಕ್ಕೆ ನೂರು ಛಡಿ ಏಟು. ಮಾರನೆಯ ದಿನ ಯಂತ್ರ ಮತ್ತೆ ಬಿತ್ತು. ಗರಿ ಹೇಳಿತು, "ಸೌಟು." ಸೌಟಿಗೆ ಜೈಲು. ಅದರ ಮಾರನೆಯ ದಿನ ಮತ್ತೆ ಬಿತ್ತು. ಗರಿ ಹೇಳಿತು, "ನೊಣ." ಯಾವ ನೊಣ ಅಂತ ಹೇಳಲಿಲ್ಲ. ಊರಿನ ನೊಣಗಳನ್ನೆಲ್ಲ ಹಿಡಿದು ವಿಚಾರಣೆ ಮಾಡಿದರು. ಒಂದೂ ಒಪ್ಪಿಕೊಳ್ಳಲಿಲ್ಲ. ಎಂಥ ಗಟ್ಟಿ ನೊಣಗಳು ಅಂತ ದಿವಾನರೇ ಬೆರಗಾದರು.

ನಗಬೇಡಿ. ಆಮೇಲೆ ಊರಿಗೆ ಭಯ ಹತ್ತಿತು. ಯಾವುದನ್ನೂ ಕಟ್ಟಕಡೆಗೆ ಮುಟ್ಟಬಾರದು ಅನ್ನುವ ಭಯ. ಬಾಗಿಲು ಹಾಕುವವರಿಲ್ಲ. ದೋಸೆ ತಿರುವಿ ಹಾಕುವವರಿಲ್ಲ. ಕ್ಷೌರದವನು ಅರ್ಧ ಗಲ್ಲ ಬೋಳಿಸಿ ಓಡಿಹೋಗುತ್ತಿದ್ದ. ಮದುಮಗ ತಾಳಿಗೆ ಎರಡು ಗಂಟು ಹಾಕಿ, ಮೂರನೆಯದನ್ನು "ನೀವು ಹಾಕಿ ಮಾವ" ಅನ್ನುತ್ತಿದ್ದ. ಮಾವ "ನಿಮ್ಮ ತಾಯಿಯನ್ನು ಕೇಳಿ" ಅನ್ನುತ್ತಿದ್ದ. ಮಾತಾಡುವವರು ಮಾತು ಮುಗಿಸುತ್ತಿರಲಿಲ್ಲ. "ಅಯ್ಯೋ, ನಿಮ್ಮ ಮನೆಗೆ ಬೆಂಕಿ..." ಅಂತ ಹೇಳಿ ಬಾಯಿ ಮುಚ್ಚಿಕೊಂಡರೆ ಮನೆ ಏನು ಮಾಡಬೇಕು? ಸುಟ್ಟುಹೋಯಿತು.

ಯಂತ್ರದ ಹತ್ತಿರ ಈಗ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಬರುತ್ತಿದ್ದವಳು ಚೆನ್ನಾಜಮ್ಮ ಒಬ್ಬಳೇ. ಯಂತ್ರ ಬೀಳಲಿ ಬಿಡಲಿ, ಆನೆಗಳಿಗೆ ಹಸಿವಾಗುತ್ತದೆ. ಅಷ್ಟು ತಿಳಿವಳಿಕೆ ಆ ಊರಿನಲ್ಲಿ ಇದ್ದದ್ದು ಆ ಒಂದು ತಲೆಗೆ.

ನಾಲ್ಕನೆಯ ಸಲ ಯಂತ್ರ ಬಿತ್ತು. ದಿವಾನರು ತುಂಬಿದ ಸಭೆಯಲ್ಲಿ, ರಾಜನ ಎದುರಿಗೆ ಎರಡು ತಾಸು ಗಾಜು ಒರೆಸಿದರು. ಮೇಲಿನ ಗರಿ ಹೇಳಿತು, "ಚೆನ್ನಾಜಮ್ಮ."

"ಸಿಕ್ಕಿಬಿದ್ದಳು!" ಅಂದರು ದಿವಾನರು. "ಎರಡೂ ಕೈಗೆ ಗೋಣಿಚೀಲ ಕಟ್ಟಿ ಹೊಲಿಯಿರಿ. ಸಾಯುವ ತನಕ ಬಿಚ್ಚುವಂತಿಲ್ಲ."

ಮುದುಕಿ ಎರಡೂ ಕೈ ಮುಗಿದಳು. "ಬ್ಯಾಡಿ ಬುದ್ಧಿ! ನನ್ನ ತಲೆ ಬೇಕಾದ್ರೆ ತಗೀರಿ, ಕೈ ಕಟ್ಟಬ್ಯಾಡಿ. ಈ ಕೈ ಇಲ್ದೆ ಹೋದ್ರೆ ನನ್ನ ಆರು ಮಕ್ಕಳಿಗೆ ಉಂಡೆ ಕಟ್ಟೋರು ಯಾರು? ಉಪಾಸ ಬಿದ್ದು ಸತ್ತೋಯ್ತವೆ."

"ಗರಿ ಹೇಳಿದೆಯಲ್ಲಮ್ಮ?"

"ಒಂದು ಗರಿ ಹೇಳ್ತು. ಕೆಳಗೆ ಇಷ್ಟೊಂದು ಬಿದ್ದವಲ್ಲ, ಅವ್ನೂ ಒಸಿ ಕೇಳಿ ಬುದ್ಧಿ."

"ಕೆಳಗಿನ ಗರಿ ನೋಡುವ ಪದ್ಧತಿ ಇಲ್ಲ. ಗಾಜು ಸವೆಯುತ್ತದೆ."

ಎಡಗೈಗೆ ಗೋಣಿ ಕಟ್ಟಿ ಹೊಲಿದರು. ಚೀಲ ಉದ್ದವಾಗಿ ಮಂಡಿಯ ತನಕ ಜೋತುಬಿತ್ತು. ಬಲಗೈಗೆ ಕಟ್ಟುವಷ್ಟರಲ್ಲಿ ಮುದುಕಿ ಆ ಕೈಯಿಂದ ದಿವಾನರ ಗಾಜು ಕಿತ್ತುಕೊಂಡಳು. ಮೇಲಿನ ಗರಿ ಎಸೆದಳು. ಎರಡನೆಯ ಗರಿಯ ಮೇಲೆ ಗಾಜು ಕುಕ್ಕಿದಳು.

ಎರಡನೆಯ ಗರಿ ಹೇಳಿತು, "ನಾನು ಅಂಗೈ. ನನ್ನನ್ನೇನು ಕೇಳುತ್ತೀರಿ? ಏಳನೆಯ ಬಾಯಿಗೆ ಉಂಡೆ ಇಡು ಅಂದರು, ಅಲ್ಲಿ ಬಾಯಿಯೇ ಇರಲಿಲ್ಲ, ಬಿದ್ದೆ. ನನಗೆ ಹೇಳಿದವರು ಕೆಳಗಿದ್ದಾರೆ, ಅವರನ್ನು ಕೇಳಿ."

ಮೂರನೆಯ ಗರಿ ಹೇಳಿತು, "ನಾನು ತೋಳು. ನನ್ನನ್ನೇನು ಕೇಳುತ್ತೀರಿ? ಏಳು ಸಲ ಚಾಚು ಅಂದರು, ಚಾಚಿದೆ. ನನಗೆ ಹೇಳಿದವರು ಕೆಳಗಿದ್ದಾರೆ, ಅವರನ್ನು ಕೇಳಿ."

ನಾಲ್ಕನೆಯ ಗರಿ ಹೇಳಿತು, "ನಾನು ಚಕ್ರ. ನನ್ನನ್ನೇನು ಕೇಳುತ್ತೀರಿ? ಏಳನೆಯ ಆನೆಯ ತನಕ ಉರುಳು ಅಂದರು, ಉರುಳಿದೆ. ಕೆಳಗೆ ಕೇಳಿ, ಕೆಳಗೆ ಕೇಳಿ."

ಎಲ್ಲಕ್ಕಿಂತ ಕೆಳಗೆ ಒಂದು ದಪ್ಪ ಗರಿ ಮಲಗಿತ್ತು. ಗಾಜು ಬಿದ್ದ ಕೂಡಲೇ ಗಂಟಲು ಸರಿಮಾಡಿಕೊಂಡಿತು. "ನಾನು ರಾಜಾಜ್ಞೆ. ನನ್ನ ಕೆಳಗೆ ಯಾರೂ ಇಲ್ಲ. ಆನೆ ಎಷ್ಟು ಅಂತ ಲಾಯದಲ್ಲಿ ಎಣಿಸಬಾರದು, ಬಿರುದಿನಲ್ಲಿ ನೋಡಿಕೊಳ್ಳಬೇಕು. ಹುಟ್ಟುಹಬ್ಬದ ದಿನ ಆಸ್ಥಾನಕವಿ ಕೊಟ್ಟ ಹೊಸ ಬಿರುದು, ಏಳಾನೆಯೊಡೆಯ ಶ್ರೀ ಶ್ರೀ ಉದ್ದಂಡರಾಯ!"

ಆರು ಆನೆ ಅಂದರೆ ಸದ್ದು ಸಾಲದು ಅಂತ ಕವಿ ಏಳು ಮಾಡಿದ್ದ. ರಾಜ ಮುತ್ತಿನ ಹಾರ ಕೊಟ್ಟಿದ್ದ. ಹೇಳಿಕೊಳ್ಳುವುದಕ್ಕೆ ಬಾಯಿಗೆ ಏನು ಕಷ್ಟ? ಬೀಳುವುದು ಯಂತ್ರ, ಒದೆ ತಿನ್ನುವುದು ಹಗ್ಗ.

ಉದ್ದಂಡರಾಯನ ಮುಖ ಕೆಂಪಾಯಿತು. "ದಿವಾನರೇ, ನನ್ನ ಬಿರುದು ಸುಳ್ಳೇ?"

"ಬಿರುದು ಸುಳ್ಳಾಗುವುದುಂಟೇ ಪ್ರಭು?" ಅಂದರು ಅಪ್ಪೂರಾಯರು. "ಲಾಯ ಸುಳ್ಳು. ಲಾಯದಲ್ಲಿ ಒಂದು ಆನೆ ಕಡಿಮೆ ಇದೆ." ಅತ್ತ ಇತ್ತ ನೋಡಿದರು. ಮುದುಕಿಯ ಕೈಯಿಂದ ಜೋತಾಡುವ ಗೋಣಿ ಕಣ್ಣಿಗೆ ಬಿತ್ತು. "ಅಲ್ಲಿ ನೋಡಿ, ಎಂಥ ಲಕ್ಷಣವಾದ ಸೊಂಡಿಲು! ಏಳನೆಯ ಆನೆ ಎದುರಿಗೇ ನಿಂತಿದೆ."

"ಹೌದೇ ಹೌದು," ಅಂದ ರಾಜ. ಏನು ಹೇಳಿದರೂ ಹೌದು ಅನ್ನುವುದಕ್ಕೆ ಆಸ್ಥಾನ ಇತ್ತು, ಎಲ್ಲರೂ ಹೌದು ಅಂದರು.

ಚೆನ್ನಾಜಮ್ಮನಿಗೆ ಉರಿದುಹೋಯಿತು. ಎಪ್ಪತ್ತು ವರ್ಷ ಮನುಷ್ಯಳಾಗಿ ಬಾಳಿದವಳು. ಆದರೆ ಅವಳು ಕೈ ಉಳಿಸಿಕೊಳ್ಳಬೇಕಿತ್ತು.

"ಆಗ್ಲಿ ಬುದ್ಧಿ, ಆನೆ ಅಂದ್ರಿ, ಒಪ್ಕಂಡೆ. ಆದ್ರೆ ಆನೆಗೆ ಕೈ ಇರ್ತದಾ?"

"ಇರುವುದಿಲ್ಲ."

"ಕೈ ಇಲ್ದೋಳ ಕೈಗೆ ಗೋಣಿ ಕಟ್ಟದು ಯಾವ ಕಾನೂನು? ಬಿಚ್ಚಿ."

ದಿವಾನರು ಕಾನೂನಿನ ಪುಸ್ತಕ ತೆಗೆದರು. ತಿರುವಿದರು. ಮುದುಕಿ ಹೇಳಿದ್ದು ಸರಿಯಾಗಿತ್ತು. ಗೋಣಿ ಬಿಚ್ಚಿದರು. "ಸೊಂಡಿಲು ಹೋಯಿತಲ್ಲ?" ಅಂದ ರಾಜ. "ಕಾಗದದಲ್ಲಿ ಬರೆದುಕೊಂಡಿದ್ದೇನೆ, ಸಾಕು," ಅಂದರು ದಿವಾನರು. ಆನೆಗೆ ಕೈ ಇಲ್ಲ ಅಂತ ಕೆಳಗೆ ಮೊಹರು ಒತ್ತಿದರು.

ಮಾರನೆಯ ದಿನ ಚೆನ್ನಾಜಮ್ಮ ಲಾಯದಲ್ಲಿ ಏಳನೆಯವಳಾಗಿ ನಿಂತಳು. ಉಂಡೆ ಕಟ್ಟಲು ಬೇರೆ ಯಾರೂ ಒಪ್ಪಲಿಲ್ಲ, ದಿವಾನರೇ ಕಟ್ಟಿದರು. ಏಳು ಬಾಯಿ, ಏಳು ಉಂಡೆ. ಯಂತ್ರ ಬೀಳಲಿಲ್ಲ. ಊರೆಲ್ಲ ಜೈ ಅಂದಿತು. ಯಂತ್ರ ರಿಪೇರಿಯಾದ ಸಂತೋಷಕ್ಕೆ ಕವಿ ಎದ್ದುನಿಂತು ರಾಜನಿಗೆ ಹೊಸ ಬಿರುದು ಕೊಟ್ಟ. ಎಂಟಾನೆಯೊಡೆಯ.

ಹೂಂ ಅನ್ನಿ. ಏನಾಯಿತು ಅಂತ ಗೊತ್ತಲ್ಲ? ಬಿತ್ತು. ಮೇಲಿನ ಗರಿ ಹೇಳಿತು, "ದಿವಾನ್ ಅಪ್ಪೂರಾಯ."

"ಕೆಳಗಿನ ಗರಿ ನೋಡಿ! ಕೆಳಗಿನದು ನೋಡಿ!" ಅಂತ ದಿವಾನರು ಬಡಕೊಂಡರು. "ಪದ್ಧತಿ ಇಲ್ಲ," ಅಂದ ರಾಜ. ಗೋಣಿ ಬಂತು. ದಿವಾನರು ಗೋಣಿ ನೋಡಿದರು, ಲಾಯ ನೋಡಿದರು, ಓಡಿಹೋಗಿ ಚೆನ್ನಾಜಮ್ಮನ ಪಕ್ಕ ನಿಂತು ಘೀಳಿಟ್ಟರು. ಎಂಟನೆಯ ಆನೆ ಸಿಕ್ಕಿತು. ರಾಜನಿಗೆ ಖುಷಿಯಾಯಿತು. ಒಂಬತ್ತಾನೆಯೊಡೆಯನಾದ.

ಹೀಗೆ ದಿನಕ್ಕೊಂದು ಬಿರುದು. ದಿನಕ್ಕೊಂದು ಸಲ ಯಂತ್ರ ಬೀಳುವುದು. ಅವತ್ತು ಕಟ್ಟಕಡೆಗೆ ಮುಟ್ಟಿದವರು ಗೋಣಿಗೆ ಹೆದರಿ ಆನೆಯಾಗುವುದು, ದಿನಕ್ಕೊಂದು ಆನೆ. ಸೇನಾಪತಿ ಆನೆಯಾದ. ಅರ್ಧ ಗಲ್ಲದವನು ಆನೆಯಾದ. ತೊಟ್ಟಿಲ ಕೂಸೂ ಆನೆಯಾಯಿತು, ಅದು ಮಾತ್ರ ನಿಜವಾಗಿ ಘೀಳಿಡುತ್ತಿತ್ತು. ರಾಜನನ್ನು ಬಿಟ್ಟು ಊರಿನಲ್ಲಿ ಇದ್ದದ್ದು ನೂರಾ ಎರಡು ಜನ. ಕಡೆಗೆ ಕವಿಯೂ ಆನೆಯಾದ. ಲಾಯದಲ್ಲಿ ಈಗ ನೂರಾ ಎಂಟು ಆನೆಗಳು. ಸೊಂಡಿಲು ಇದ್ದವು ಆರು.

ಅಲ್ಲಿಗಾದರೂ ನಿಲ್ಲಿಸಬಾರದೇ? ಉದ್ದಂಡರಾಯ ತಾನೇ ಗರಿ ತೆಗೆದುಕೊಂಡು, ತಾನೇ ಬರೆದುಕೊಂಡ. ನೂರಾ ಒಂಬತ್ತಾನೆಯೊಡೆಯ. ಬೇರೆ ಕೈ ಉಳಿದಿರಲಿಲ್ಲ, ಉಂಡೆಯನ್ನೂ ತಾನೇ ಕಟ್ಟಿ ಅಂಗೈಗೆ ಇಟ್ಟ.

ಯಂತ್ರ ಬಿತ್ತು. ರಾಜ ತಾನೇ ಗಾಜು ಒರೆಸಿ ನೋಡಿದ. ಮೇಲಿನ ಗರಿ ಹೇಳಿತು, "ನೀನೇ."

ರಾಜ ಕಿರೀಟ ತೆಗೆದಿಟ್ಟು ಸಾಲಿನ ಕೊನೆಯಲ್ಲಿ ನಿಂತ. ನೂರಾ ಒಂಬತ್ತು ಬಾಯಿ ತೆರೆದವು. ಯಂತ್ರ ಉರುಳಿತು. ಅಂಗೈ ಖಾಲಿ. ಉಂಡೆ ಕಟ್ಟುವವರು ಯಾರೂ ಉಳಿದಿರಲಿಲ್ಲ. ಹೊತ್ತು ಏರಿತು, ಹೊಟ್ಟೆ ಚುರುಗುಟ್ಟಿತು. ರಾಜ ಸಾಲಿನ ಕೊನೆಯಿಂದ ಕೂಗಿದ, "ಚೆನ್ನಾಜಮ್ಮಾ, ಹಸಿವು ತಡೆಯಲಾರೆ. ಒಂದೇ ಒಂದು ಉಂಡೆ ಕಟ್ಟಮ್ಮ."

ಚೆನ್ನಾಜಮ್ಮ ತಿರುಗಿ ನೋಡಿದಳು.

"ಆನೆಗೆ ಕೈ ಎಲ್ಲೈತೆ ಬುದ್ಧಿ?"

ಅಷ್ಟು ಹೇಳಿ ಉಗ್ರಾಣಕ್ಕೆ ನಡೆದಳು. ಅಕ್ಕಿ, ರಾಗಿ, ಬೆಲ್ಲದ ಮೂಟೆಗಳನ್ನು ತನ್ನ ಆರು ಮಕ್ಕಳ ಬೆನ್ನಿಗೆ ಹೇರಿದಳು. ಸರಪಳಿ ಬಿಚ್ಚಿದಳು. ತಡೆಯುವವರು ಯಾರು? ಎಲ್ಲರೂ ಆನೆಗಳು. ಹಗಲು ಹೊತ್ತಿನಲ್ಲಿ, ಹೆಬ್ಬಾಗಿಲಿನಿಂದಲೇ, ಏಳು ಆನೆಗಳು ಊರು ಬಿಟ್ಟು ಹೊಳೆಯ ದಾರಿ ಹಿಡಿದವು.

ಉಳಿದವರು ಬಾಯಿ ತೆರೆದುಕೊಂಡು ಈಗಲೂ ಹಾಗೇ ನಿಂತಿದ್ದಾರೆ. ನೀತಿ ಕೇಳುವವರು ಅವರ ಸಾಲಿಗೆ ಹೋಗಿ ನಿಂತುಕೊಳ್ಳಿ, ಜಾಗ ಬೇಕಾದಷ್ಟಿದೆ. ನನ್ನ ಕತೆ ಹೊಳೆ ದಾಟಿತು, ನಿಮ್ಮ ಹೂಂ ಇಲ್ಲಿಗೆ ಸಾಕು.