ದೇಸಾಯರ ಭಾಷಣಕ್ಕೆ ಒಲಿದ ಆಟಗಾರರು

ಆ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸ್ವಂತ ಜಿಲ್ಲೆಯ ಹೈಸ್ಕೂಲು ಹುಡುಗರೇ ಬರುತ್ತಿರಲಿಲ್ಲ. ಚೆನ್ನಾಗಿ ಆಡುವವರೆಲ್ಲ ಪಕ್ಕದೂರಿನ ಕಾಲೇಜು ಸೇರುತ್ತಿದ್ದರು. ಕಾಲೇಜಿನ ಅಧ್ಯಕ್ಷ ಗುರುಪಾದ ದೇಸಾಯರು ಮೈದಾನದ ಜವಾನ ಫಕೀರಪ್ಪನನ್ನು ಕರೆಸಿದರು.

“ಹುಡುಗ್ರು ನಿನ್ನ ಮಾತು ಕೇಳ್ತಾರಂತ. ಈ ವರ್ಷ ಅವರು ಬರಲಿಲ್ಲಂದ್ರ ನಿನಗೂ ಇಲ್ಲಿ ಕೆಲಸ ಇಲ್ಲ.”

ಕಾರಣ ಫಕೀರಪ್ಪನಿಗೆ ಗೊತ್ತಿತ್ತು. ಪ್ರತಿ ಪಂದ್ಯಕ್ಕೂ ಮೊದಲು ದೇಸಾಯರ ಭಾಷಣ. ಅದು ಮುಗಿಯುವ ತನಕ ಆಟಗಾರರು ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು. ಅದನ್ನು ಅವರ ಮುಖಕ್ಕೆ ಹೇಳುವವರು ಯಾರು?

ಪಕ್ಕದೂರಿನ ಕಾಲೇಜಿನಲ್ಲಿ ಫಕೀರಪ್ಪನ ಭಾವ ಜವಾನನಾಗಿದ್ದ. ಆಟಗಾರರ ಆಯ್ಕೆಯ ದಿನಕ್ಕೆ ಅಲ್ಲಿಯವರು ಮುಖ್ಯ ಅತಿಥಿಯನ್ನು ಹುಡುಕುತ್ತಿದ್ದರು. ಫಕೀರಪ್ಪ ಭಾವನ ಕಿವಿಗೆ ಒಂದು ಹೆಸರು ಹಾಕಿದ.

ದೇಸಾಯರು ಪೇಟ ಸುತ್ತಿಕೊಂಡು ಹೋದರು. ಕ್ರೀಡೆಯ ಮಹತ್ವದಿಂದ ಹೊರಟ ಭಾಷಣ ಅವರ ಅಜ್ಜನ ಕುಸ್ತಿಗೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಆಯ್ಕೆಗೆ ಬಂದಿದ್ದ ಹುಡುಗರು ನೀರು ಕುಡಿಯುವ ನೆಪದಲ್ಲಿ ಒಬ್ಬೊಬ್ಬರಾಗಿ ಜಾರಿಕೊಂಡರು. ಗೇಟಿನಾಚೆ ಫಕೀರಪ್ಪ ಮಜ್ಜಿಗೆಯ ಕೊಡ ಇಟ್ಟುಕೊಂಡು ಕೂತಿದ್ದ.

“ಇವರು ಇಲ್ಲಿಗೆ ಮತ್ತ ಬರ್ತಾರೇನು?” ಎಂದ ಒಬ್ಬ.

“ಇನ್ಮ್ಯಾಲೆ ಇಲ್ಲಿಗೇ ಬರ್ತಾರ. ನಮ್ಮ ಕಾಲೇಜಿನ್ಯಾಗ ಭಾಷಣ ಬಂದ್.”

ಆ ವಾರವೇ ಅಷ್ಟೂ ಹುಡುಗರು ಫಕೀರಪ್ಪನ ಕಾಲೇಜು ಸೇರಿದರು.

“ನೋಡಿದಿ? ಒಂದ ಭಾಷಣಕ್ಕ ಎಲ್ಲಾರೂ ನಮ್ಮ ಕಡೆ ಬಂದ್ರು.” ದೇಸಾಯರು ಮೀಸೆ ತಿರುವಿದರು.

“ಖರೇ ರೀ ಸಾಹೇಬ್ರ.” ಫಕೀರಪ್ಪ ಕೈಮುಗಿದ. “ಇಲ್ಲಿಯವರು ಹೆಂಗೂ ನಮ್ಮವರ ಆದ್ರು. ಇಂಥಾ ಭಾಷಣ ಇಲ್ಲಿ ಯಾಕ ಖರ್ಚು ಮಾಡ್ತೀರಿ? ಅಲ್ಲೇ ಮಾಡ್ರಿ.”

ದೇಸಾಯರಿಗೂ ಅದು ಹೌದೆನಿಸಿತು. ಮುಂದಿನ ಪಂದ್ಯದ ದಿನ ಅವರ ಕಾರು ಪಕ್ಕದೂರಿನ ಕಾಲೇಜಿಗೆ ಹೊರಟಿತು. ಅಲ್ಲಿಯವರು ಕರೆಯಲಿ ಎಂದೂ ಕಾಯಲಿಲ್ಲ.